ಎರಡು ಲಕ್ಷ ಕಿಲೋಮೀಟರ್ ಓಡಿದ ಬೊಲೆರೊ ಪಿಕಪ್ ತಗೊಂಡೆ, ಯಾಕೆ ಅಂದ್ರೆ

ಪಾಂಡವಪುರದಿಂದ ಮೈಸೂರಿನ ಬಂಡೀಪಾಳ್ಯ ಎಪಿಎಂಸಿಗೆ ತರಕಾರಿ ಹಾಕುವುದು ನಮ್ಮ ಕೆಲಸ. ಬಾಡಿಗೆ ಗಾಡಿ ಸಾಕಾಗಿ ಸೆಕೆಂಡ್ ಹ್ಯಾಂಡ್ ಪಿಕಪ್ ಹುಡುಕುತ್ತಿದ್ದೆ. ಮಂಡ್ಯದ ಹತ್ತಿರ 2018ರ ಬೊಲೆರೊ ಪಿಕಪ್ ಒಂದು ಸಿಕ್ಕಿತು. ಒಬ್ಬರೇ ಓನರ್, ಬಿಎಸ್4 (ಹೊಗೆಯ ಹಳೇ ಮಾನದಂಡದ) ಗಾಡಿ. ಆದರೆ ಮೀಟರ್ ಎರಡು ಲಕ್ಷ ದಾಟಿತ್ತು. ಕೇಳಿದವರೆಲ್ಲ ಬೇಡ ಅಂದರು.

ನಾನು ಯಜಮಾನರನ್ನು ಮೊದಲು ಕೇಳಿದ್ದು ಇದರಲ್ಲಿ ಏನು ಲೋಡ್ ಹೊಡೆದಿದ್ದೀರಿ ಅಂತ. ‘ರಾಮನಗರಕ್ಕೆ ರೇಷ್ಮೆ ಗೂಡು ಕಣಪ್ಪ, ಬೇರೆ ಲೋಡ್ ಹಾಕೇ ಇಲ್ಲ’ ಅಂದರು. ಗೂಡು ಎಷ್ಟು ಹಗುರ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಗಾಡಿ ತುಂಬಾ ಚೀಲ ಇದ್ದರೂ ಚಾಸಿಗೆ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೆ, ಭಾರ ಬೀಳುವುದಿಲ್ಲ, ಓಡಿದ್ದೂ ಬಹುಪಾಲು ಹೈವೇ. ಅದೇ ಮರಳೋ ಕಬ್ಬೋ ಓವರ್‌ಲೋಡ್ ಹೊಡೆದ ಗಾಡಿ ಅರವತ್ತು ಸಾವಿರ ಕಿಲೋಮೀಟರಿಗೇ ಸೋತಿರುತ್ತದೆ. ಗೊಬ್ಬರ, ಮೀನು ಸಾಗಿಸಿದ್ದರೆ ತುಕ್ಕು ಬೇರೆ.

ಆದರೆ ಬಾಯಿ ಮಾತು ನಂಬಿ ದುಡ್ಡು ಕೊಡೋಕಾಗಲ್ಲ ಅಲ್ವಾ. ಟಾರ್ಚ್ ಹಿಡಿದು ಗಾಡಿ ಕೆಳಗೆ ಮಲಗಿದೆ. ಹಿಂದಿನ ಲೀಫ್ ಸ್ಪ್ರಿಂಗ್‌ನಲ್ಲಿ (ಭಾರ ಹೊರುವ ಬಾಗಿದ ಪಟ್ಟಿಗಳು) ಕಂಪನಿ ಕೊಟ್ಟಷ್ಟೇ ಪ್ಲೇಟ್ ಇದ್ದವು, ಎರಡೂ ಕಡೆ ಒಂದೇ ಬಾಗು. ಓವರ್‌ಲೋಡ್ ಹೊಡೆಯುವವರು ಮೊದಲು ಮಾಡಿಸುವುದೇ ಹೆಚ್ಚುವರಿ ಪ್ಲೇಟ್, ಆಮೇಲೆ ಅದನ್ನು ಬಿಚ್ಚಿದರೂ ಉಳಿದ ಪ್ಲೇಟ್‌ಗಳ ಮೇಲೆ ಹೊಳೆಯುವ ಗೆರೆ ಉಳಿಯುತ್ತದೆ. ಇಲ್ಲಿ ಅದಿರಲಿಲ್ಲ. ಸ್ಪ್ರಿಂಗ್ ಚಾಸಿಗೆ ಕೂರುವ ಜಾಗದಲ್ಲಿ ವೆಲ್ಡಿಂಗ್ ಇಲ್ಲ, ಬಿರುಕಿಲ್ಲ, ಹೊಸ ಕಪ್ಪು ಪೇಂಟೂ ಇಲ್ಲ. ಚಾಸಿಗೆ ಮಾತ್ರ ಹೊಸ ಪೇಂಟ್ ಹೊಡೆದಿದ್ದರೆ ಅಲ್ಲಿಂದಲೇ ವಾಪಸ್ ಬರುತ್ತಿದ್ದೆ. ಬಾಡಿ ಅಲ್ಲಲ್ಲಿ ನೆಗ್ಗಿತ್ತು, ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಎಂಜಿನ್ ನೋಡಲು ಬೆಳಿಗ್ಗೆ ಬೇಗ ಹೋದೆ, ‘ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಣ್ಣ’ ಅಂತ ಹಿಂದಿನ ದಿನವೇ ಹೇಳಿದ್ದೆ. ಬಾನೆಟ್ ಮುಟ್ಟಿದೆ, ತಣ್ಣಗಿತ್ತು. ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಗುಪ್ಪೆಂದು ಹೊಗೆ ಬರಬಾರದು, ಬರಲಿಲ್ಲ. ಆಮೇಲೆ ಬೂಸಾ ಮೂಟೆ ತುಂಬಿಸಿ ಜಕ್ಕನಹಳ್ಳಿಯಿಂದ ಮೇಲುಕೋಟೆ ಏರು ಹತ್ತಿಸಿದೆವು. ಖಾಲಿ ಗಾಡಿ ಓಡಿಸಿ ಪಿಕಪ್ ತಗೋಬೇಡಿ, ಕ್ಲಚ್ ಜಾರುವುದು, ಬಿಸಿಯಾಗುವುದು ಎಲ್ಲ ಲೋಡ್ ಇದ್ದಾಗಲೇ ಗೊತ್ತಾಗೋದು. ಏರಿನಲ್ಲಿ ಸ್ವಲ್ಪ ಕಪ್ಪು ಹೊಗೆ ಬಂತು, ಡೀಸೆಲ್ ಗಾಡಿಗೆ ಅಷ್ಟು ಸಹಜ. ಇಳಿಯುವಾಗ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ ಅಂತ ಅರ್ಥ. ತಮ್ಮ ಹಿಂದೆ ಬೈಕಿನಲ್ಲಿ ಬಂದು ಅದನ್ನೇ ನೋಡುತ್ತಿದ್ದ. ಬರಲಿಲ್ಲ.

ಬ್ರೇಕ್ ಮಾತ್ರ ಎಡಕ್ಕೆ ಎಳೆಯುತ್ತಿತ್ತು, ಮುಂದಿನ ಟೈರ್ ಒಳಅಂಚು ಸವೆದಿತ್ತು. ಈ ಎರಡರ ಖರ್ಚನ್ನು ಮೆಕ್ಯಾನಿಕ್ ಹತ್ತಿರ ಬರೆಸಿಕೊಂಡು ರೇಟಿನಲ್ಲಿ ಕಳೆಸಿದೆ.

ಸಿಕ್ಕಿಕೊಂಡಿದ್ದು ಕಾಗದದಲ್ಲಿ. ಸಾಲ ತೀರಿತ್ತು, ಆದರೆ ಆರ್‌ಸಿಯಲ್ಲಿ ಫೈನಾನ್ಸ್‌ನವರ ಹೆಸರು ಹಾಗೇ ಇತ್ತು. ‘ಆಮೇಲೆ ಮಾಡಿಸಿದ್ರಾಯ್ತು’ ಅಂದ ಬ್ರೋಕರ್. ನಾನು ಒಪ್ಪಲಿಲ್ಲ. ಫೈನಾನ್ಸ್‌ನವರ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಮತ್ತು ಫಾರಂ 35 ಕೊಟ್ಟು ಆ ಹೆಸರು ತೆಗೆಸಿದ ಮೇಲೆಯೇ ಪೂರ್ತಿ ಹಣ ಅಂದೆ, ಅಡ್ವಾನ್ಸ್‌ಗೂ ರಸೀದಿ ಬರೆಸಿಕೊಂಡೆ. ವರ್ಗಾವಣೆಗೆ ಫಾರಂ 29, 30 ಎರಡಕ್ಕೂ ಯಜಮಾನರ ಸಹಿ ನನ್ನೆದುರೇ ಆಯಿತು. ಬಾಕಿ ಚಲನ್ ಎಷ್ಟಿದೆ ಅಂತ ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನೋಡಬಹುದು, ಇದ್ದದ್ದನ್ನು ಅವರೇ ಕಟ್ಟಿದರು.

ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಲೆಕ್ಕವನ್ನೂ ಹಾಕಿಕೊಳ್ಳಿ. ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು. ತಮ್ಮನಿಗೆ ಎಲ್‌ಎಂವಿ (ಲಘು ವಾಹನದ) ಲೈಸೆನ್ಸ್ ಮಾತ್ರ ಇದೆ. 7,500 ಕೆಜಿ ಒಳಗಿನ ಸರಕು ಗಾಡಿಗೆ ಅದೇ ಸಾಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಹಾಗಾಗಿ ಆ ಚಿಂತೆ ಇರಲಿಲ್ಲ. ಇನ್ಶೂರೆನ್ಸ್ ಮಾತ್ರ ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಹಳೇ ಓನರ್‌ನ ಫಾಸ್ಟ್ಯಾಗ್ ಕ್ಲೋಸ್ ಮಾಡಿಸದೆ ಬೆಂಗಳೂರು-ಮೈಸೂರು ಹೈವೇಯ ಗಣಂಗೂರು ಟೋಲ್ ಕಡೆ ಹೋಗಬೇಡಿ.