ತಡವಾದ ಕಬ್ಬಿನ ಬಿಲ್‌ಗೆ ಬಡ್ಡಿ ವಸೂಲಿ: ಕಾರ್ಖಾನೆ ಲಾಬಿಗೆ ಎದುರು ನಮ್ಮ ಕಾಗದದ ಕೆಲಸ

ಕಬ್ಬು ಕೊಟ್ಟು 14 ದಿನ ದಾಟಿದರೂ ಸಕ್ಕರೆ ಕಾರ್ಖಾನೆ ಬಿಲ್ ದುಡ್ಡು ಕೊಡದಿದ್ದರೆ ವರ್ಷಕ್ಕೆ ಶೇ 15ರ ಲೆಕ್ಕದಲ್ಲಿ ಬಡ್ಡಿ ಕೊಡಬೇಕು. ಇದು ನಮ್ಮೆಲ್ಲರಿಗೂ ಬಾಯಿಪಾಠ. ಆದರೆ ಆ ಬಡ್ಡಿ ಕೈಗೆ ಬಂದವರು ಮಾತ್ರ ನಮ್ಮ ಸುತ್ತಮುತ್ತ ಯಾರೂ ಇರಲಿಲ್ಲ. ಈಗ ನಮ್ಮ ಗುಂಪಿನವರ ಖಾತೆಗೆ ಬಂದಿದೆ. "ಬಡ್ಡಿ ತಗೀತಿಯಾ? ಮೊದಲ ಅಸಲು ತಗಿಯಪಾ" ಅಂತ ನಕ್ಕವರೇ ಈಗ ಫೈಲ್ ಕೊಡು ಅಂತ ಮನೆಗೆ ಬರುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ಒಂದೇ ಸಲ ಬರೆದುಬಿಡೋಣ ಅನಿಸಿತು.

ಎಫ್‌ಆರ್‌ಪಿ ಅಂದರೆ ಕೇಂದ್ರ ಸರ್ಕಾರ ಕಟ್ಟುವ ಕಬ್ಬಿನ ಕನಿಷ್ಠ ದರ, ರಿಕವರಿ ಅಂದರೆ ನೂರು ಕೆಜಿ ಕಬ್ಬಿಗೆ ಇಳಿಯುವ ಸಕ್ಕರೆ. ದರ ಕಟ್ಟಿದ ಮೂಲ ರಿಕವರಿಗಿಂತ ಹೆಚ್ಚು ಇಳಿದರೆ ದರವೂ ಅದಕ್ಕೆ ತಕ್ಕಂತೆ ಏರುತ್ತದೆ. ಇದಕ್ಕಿಂತ ಹೆಚ್ಚು ಇಲ್ಲಿ ಹೇಳುವುದಿಲ್ಲ. ಕಬ್ಬು ಬೆಳೆಯುವವರಿಗೆ ಅದೆಲ್ಲ ಗೊತ್ತಿರುವುದೇ.

ಕಾರ್ಖಾನೆಯವರ ಲಾಬಿ ಅಂದರೆ ರಾತ್ರಿ ಹೊತ್ತು ಸೂಟ್‌ಕೇಸ್ ಹೋಗುವುದು ಅಂತ ನಾವು ಅಂದುಕೊಂಡಿರುತ್ತೇವೆ. ಅದು ಇದೆಯೋ ಇಲ್ಲವೋ, ನಾನು ನೋಡಿಲ್ಲ. ನಾನು ನೋಡಿದ್ದು ಕಾಗದ. ಸಕ್ಕರೆ ಕಾರ್ಖಾನೆಗಳ ಸಂಘ ಇಸ್ಮಾ ಇರಲಿ, ಸಹಕಾರಿ ಕಾರ್ಖಾನೆಗಳ ಒಕ್ಕೂಟ ಇರಲಿ, ನಿಯಮ ಬದಲಾಗುವ ಹೊತ್ತಿಗೆ ಅಂಕಿಸಂಖ್ಯೆ ಹಾಕಿದ ಮನವಿ ದೆಹಲಿ ತಲುಪಿರುತ್ತದೆ. ಎಥೆನಾಲ್ ದರ, ರಫ್ತು ಕೋಟಾ, ಸಕ್ಕರೆಯ ಕನಿಷ್ಠ ಮಾರಾಟ ದರ, ಎಲ್ಲಕ್ಕೂ ಒಂದೊಂದು ಕಾಗದ. ನಾವು ಆ ಹೊತ್ತಿಗೆ ರಸ್ತೆ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕೂತಿರುತ್ತೇವೆ. ರಸ್ತೆಗೆ ಇಳಿಯುವುದು ಬೇಡ ಅಂತಲ್ಲ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕೂತಿದ್ದಕ್ಕೇ ಕಬ್ಬಿಗೆ ಟನ್ನಿಗೆ 3,300 ರೂಪಾಯಿಯ ಮಾತು ಬಂದಿದ್ದು. ಆದರೆ ದರ ರಸ್ತೆಯಲ್ಲಿ ಸಿಕ್ಕಿದರೂ, ಅದನ್ನು ಕರಗಿಸುವ ಸಾಲು ಕಾಗದದಲ್ಲಿ ಕೂತಿರುತ್ತದೆ.

ಒಂದು ಲೆಕ್ಕ ನೋಡಿ. 2017-18ರಲ್ಲಿ ಎಫ್‌ಆರ್‌ಪಿ ಕ್ವಿಂಟಲ್‌ಗೆ 255 ರೂಪಾಯಿ, ಶೇ 9.5 ರಿಕವರಿಗೆ. ಮುಂದಿನ ವರ್ಷ 275. ಇಪ್ಪತ್ತು ರೂಪಾಯಿ ಏರಿತು ಅಂತ ಎಲ್ಲ ಪೇಪರ್‌ನಲ್ಲೂ ಬಂತು. ಆದರೆ ಅದೇ ವರ್ಷ ಮೂಲ ರಿಕವರಿಯನ್ನು ಶೇ 10ಕ್ಕೆ ಏರಿಸಿದರು. ಶೇ 10 ರಿಕವರಿ ಇದ್ದ ಕಾರ್ಖಾನೆಗೆ ಕಬ್ಬು ಹಾಕಿದವನಿಗೆ ಹಿಂದಿನ ವರ್ಷವೇ 268 ಚಿಲ್ಲರೆ ಬರಬೇಕಿತ್ತು. ಹಾಗಾದರೆ ನಿಜವಾಗಿ ಏರಿದ್ದೆಷ್ಟು? ಆರೂವರೆ ರೂಪಾಯಿ. 2022-23ರಲ್ಲಿ ಮತ್ತೆ ಇದೇ ಆಟ. ದರ 290ರಿಂದ 305, ಮೂಲ ರಿಕವರಿ 10ರಿಂದ 10.25. ಹದಿನೈದು ಅಂದಿದ್ದು ಕೈಗೆ ಬರುವಾಗ ಏಳೂಮುಕ್ಕಾಲು. ಇದನ್ನು ಯಾರು ಮಾಡಿಸಿದರು ಅನ್ನುವುದು ಬೇರೆ ಮಾತು. ಬೇಡ ಅಂತ ನಮ್ಮ ಕಡೆಯಿಂದ ಒಂದು ಹಾಳೆಯೂ ಹೋಗಿರಲಿಲ್ಲ.

ಈ ಲೆಕ್ಕವನ್ನು ನಾನು ಸಭೆಗಳಲ್ಲಿ ಹೇಳಿ ನೋಡಿದೆ. ಯಾರೂ ಕೂತು ಕೇಳಲಿಲ್ಲ. ಸರಿ, ದುಡ್ಡು ಕಣ್ಣಿಗೆ ಕಾಣುವ ಕೆಲಸವನ್ನೇ ಮೊದಲು ಹಿಡಿಯೋಣ ಅಂತ 2022-23ರ ಬಿಲ್‌ಗಳ ಬಡ್ಡಿಗೆ ಕೈ ಹಾಕಿದೆ. ಆ ಹಂಗಾಮಿನಲ್ಲಿ ನಾವು ಕಬ್ಬು ಹಾಕಿದ ಕಾರ್ಖಾನೆ, ಹೆಸರು ಬೇಡ, ಜನವರಿಯಲ್ಲಿ ನುರಿಸಿದ ಕಬ್ಬಿಗೆ ದುಡ್ಡು ಕೊಟ್ಟಿದ್ದು ಮುಂಗಾರು ಶುರುವಾದ ಮೇಲೆ.

ಮೊದಲು ವಕೀಲರ ಹತ್ತಿರ ಹೋದೆವು. ಒಬ್ಬರು ಮುಂಗಡವೇ ಐವತ್ತು ಸಾವಿರ ಅಂದರು. ಇನ್ನೊಬ್ಬರು ಬಂದದ್ದರಲ್ಲಿ ಅರ್ಧ ನನಗೆ ಅಂದರು. ಅಲ್ಲಿಂದ ಎದ್ದು ಬಂದೆವು. ಆಮೇಲೆ ಎಲ್ಲರ ಸಹಿ ಹಾಕಿಸಿ ಒಂದು ಉದ್ದ ಮನವಿ ಕೊಟ್ಟೆವು. "ಪರಿಶೀಲಿಸಲಾಗುವುದು" ಅಂತ ಉತ್ತರ ಬಂತು, ಮುಗೀತು. ಮಾಹಿತಿ ಹಕ್ಕಿನಲ್ಲಿ ಕಾರ್ಖಾನೆಯ ಲೆಕ್ಕ ಕೇಳಿದರೆ "ವ್ಯಾಪಾರದ ಗುಟ್ಟು" ಅಂತ ವಾಪಸ್ ಕಳಿಸಿದರು. ಅಷ್ಟೊತ್ತಿಗೆ ಗುಂಪಿನಲ್ಲಿ ಅರ್ಧ ಜನ ಕಳಚಿಕೊಂಡಿದ್ದರು. ಉಳಿದವರು ನಲವತ್ತರ ಆಜುಬಾಜು.

ಕೆಲಸ ಆಗಿದ್ದು ಮನವಿ ಬಿಟ್ಟು ಲೆಕ್ಕದ ಹಾಳೆ ಹಿಡಿದ ಮೇಲೆ. ಒಬ್ಬ ರೈತನಿಗೆ ಒಂದೇ ಹಾಳೆ. ಕಾಟಾದ (ತೂಕದ) ಚೀಟಿ ನಂಬರ್, ಕಬ್ಬು ಕೊಟ್ಟ ದಿನ, ತೂಕ, ಬಿಲ್ ಮೊತ್ತ, 14ನೇ ದಿನ ಯಾವುದು, ಪಾಸ್‌ಬುಕ್‌ನಲ್ಲಿ ಜಮಾ ಆದ ದಿನ, ನಡುವಿನ ದಿನ ಎಷ್ಟು, ಬಡ್ಡಿ ಎಷ್ಟು. ಹಿಂದೆ ಚೀಟಿ ಮತ್ತು ಪಾಸ್‌ಬುಕ್‌ನ ಜೆರಾಕ್ಸ್. ಒಂದೊಂದು ಲಾರಿ ಲೋಡಿಗೂ ಒಂದೊಂದು ಸಾಲು. ಮೇಲೆ ಒಂದೇ ಪ್ಯಾರಾ: 1966ರ ಕಬ್ಬು ನಿಯಂತ್ರಣ ಆದೇಶ, 3ನೇ ಖಂಡದ 3 ಮತ್ತು 3ಎ ಉಪಖಂಡ, ಅಂದರೆ 14 ದಿನ ಮತ್ತು ಬಡ್ಡಿಯ ಸಾಲುಗಳು. ಕೊಡದಿದ್ದರೆ ಅದೇ ಖಂಡದ 8ನೇ ಉಪಖಂಡದಂತೆ ಭೂಕಂದಾಯ ಬಾಕಿ ತರಹ ವಸೂಲಿ ಮಾಡಿ. ರೈತರ ಕಷ್ಟ, ದೇಶದ ಬೆನ್ನೆಲುಬು ಅಂತ ಒಂದು ಅಕ್ಷರವನ್ನೂ ಬರೆಯಲಿಲ್ಲ. ಓದುವ ಗುಮಾಸ್ತನಿಗೆ ಕೂಡಿಸಿ ನೋಡುವ ಕೆಲಸ ಮಾತ್ರ ಉಳಿಯಬೇಕು.

ಎಂಬತ್ತು ಟನ್ ಹಾಕಿದವನ ಲೆಕ್ಕ ಹೇಳುತ್ತೇನೆ. ಕಟಾವು, ಸಾಗಣೆ ಕಳೆದು ಟನ್ನಿಗೆ 2,450ರ ಸುಮಾರು. ಒಟ್ಟು ಎರಡು ಲಕ್ಷಕ್ಕೆ ಸ್ವಲ್ಪ ಕಡಿಮೆ. ನಾಲ್ಕೂವರೆ ತಿಂಗಳು ತಡ. ಬಡ್ಡಿ ಹನ್ನೊಂದು ಸಾವಿರ ಹತ್ತಿರ. ಒಬ್ಬನಿಗೆ ಇಷ್ಟೇನಾ ಅನಿಸುತ್ತದೆ, ಅಲ್ವಾ? ಕಾರ್ಖಾನೆ ಕಡೆಯಿಂದ ನೋಡಿ. ಸಾವಿರಾರು ರೈತರ ದುಡ್ಡನ್ನು ಬಡ್ಡಿಯಿಲ್ಲದೆ ಹಿಡಿದುಕೊಂಡರೆ ಬ್ಯಾಂಕ್ ಸಾಲವೇ ಬೇಡ.

ಆ ಹಾಳೆಗಳ ಮೇಲೆ ಅಧಿಕಾರಿಯ ಮುಂದೆ ವಿಚಾರಣೆ ನಡೆಯಿತು. ಆ ದಿನ ಕಾರ್ಖಾನೆ ಕಡೆಯವರು ನಮ್ಮದೇ ನೋಂದಣಿ ಫಾರ್ಮ್‌ಗಳ ಕಟ್ಟು ತಂದು ಮೇಜಿನ ಮೇಲೆ ಇಟ್ಟರು. ಇದು ಅವರ ಒಳ್ಳೆಯ ಅಸ್ತ್ರ, ಒಪ್ಪಬೇಕು. ಆದೇಶದಲ್ಲೇ ಒಂದು ಕಿಂಡಿ ಇದೆ: ಬೇರೆ ರೀತಿಯ ಲಿಖಿತ ಒಪ್ಪಂದ ಇಲ್ಲದಿದ್ದರೆ ಮಾತ್ರ 14 ದಿನ. ಕಾರ್ಖಾನೆಯ ಫೀಲ್ಡ್‌ಮನ್ ಬಂದು ಬದುವಿನ ಮೇಲೆ ನಿಂತು ಸಹಿ ಮಾಡಿಸಿಕೊಂಡು ಹೋಗುವ ಆ ಫಾರ್ಮ್‌ನ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, "ಕಾರ್ಖಾನೆಯ ನಿಯಮಗಳಂತೆ ಹಣ ಪಡೆಯಲು ಒಪ್ಪಿರುತ್ತೇನೆ" ಅಂತ ಇತ್ತು. ನಮಗೆ ಅದು ಮೊದಲೇ ಗೊತ್ತಿತ್ತು. ನಾವು ಕೇಳಿದ್ದು ಒಂದೇ ಪ್ರಶ್ನೆ: ಯಾವ ನಿಯಮ, ಎಷ್ಟು ದಿನ? ಅಧಿಕಾರಿ ಕನ್ನಡಕ ತೆಗೆದು ಫಾರ್ಮ್ ಕಣ್ಣ ಹತ್ತಿರ ಹಿಡಿದರು. "ಇದರಾಗ ತಾರೀಖು ಎಲ್ಲೈತ್ರಿ?" ಅಂದರು. ಅವರ ಮ್ಯಾನೇಜರ್ ಫಾರ್ಮ್ ತಿರುಗಿಸಿ ಹಿಂದೆಯೂ ನೋಡಿದರು. ಹಿಂದೆ ಖಾಲಿ.

ಇಷ್ಟರಿಂದಲೇ ಕೆಲಸ ಆಯಿತು ಅಂದರೆ ಸುಳ್ಳಾಗುತ್ತದೆ. ಇನ್ನೊಂದು ಕಾಗದ ನಮ್ಮ ಹತ್ತಿರ ಇತ್ತು. ಆ ಅವಧಿಯಲ್ಲಿ ಕಾರ್ಖಾನೆಗೆ ದುಡ್ಡು ಬಂದಿತ್ತು ಅಂತ ತೋರಿಸುವ ಕಾಗದ. ಅದು ಎಲ್ಲಿ ಸಿಗುತ್ತದೆ ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಸಲ ಸಿಗುವುದಿಲ್ಲ. ಕಾನೂನುಬದ್ಧವಾಗಿಯೇ ಸಿಕ್ಕಿದ್ದು, ಅಷ್ಟು ಹೇಳಬಲ್ಲೆ.

ನಾವು ಕೇಳಿದ್ದು ನಾಲ್ಕು ಲಕ್ಷದ ಮೇಲೆ. ಬಂದಿದ್ದು ಮೂರು ಲಕ್ಷ ಚಿಲ್ಲರೆ. ಚೀಟಿ ಕಳೆದುಕೊಂಡವರ, ಅಳಿಸಿಹೋದ ಚೀಟಿಯವರ ಲೆಕ್ಕ ಬಿದ್ದುಹೋಯಿತು. ಥರ್ಮಲ್ ಪೇಪರ್ ಚೀಟಿ ಬೇಸಿಗೆ ಮುಗಿಯುವಷ್ಟರಲ್ಲಿ ಬಿಳಿ ಹಾಳೆ ಆಗುತ್ತದೆ. ಸಿಕ್ಕ ದಿನವೇ ಮೊಬೈಲ್‌ನಲ್ಲಿ ಫೋಟೋ ತೆಗೆದು ಜೆರಾಕ್ಸ್ ಮಾಡಿಸಿ. ಖರ್ಚು ಎಲ್ಲ ಸೇರಿ ಹದಿನೈದು ಸಾವಿರ ದಾಟಲಿಲ್ಲ. ಅದರಲ್ಲೂ ಅರ್ಧ ಬೆಂಗಳೂರಿಗೆ ಹೋಗಿಬರುವ ಬಸ್ಸಿಗೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಖಾಸಗಿ ಕಾಟಾದಲ್ಲಿ ತೂಗಿಸಿ ಆಮೇಲೆ ಕಾರ್ಖಾನೆ ಕಾಟಾಕ್ಕೆ ಕಳಿಸಿ ನೋಡಿದೆ. ಕೆಲವು ಲೋಡಿಗೆ ಒಂದೆರಡು ಕ್ವಿಂಟಲ್ ವ್ಯತ್ಯಾಸ, ಕೆಲವಕ್ಕೆ ಏನೂ ಇಲ್ಲ. ಡ್ರೈವರ್ ನಡುವೆ ಡೀಸೆಲ್ ತುಂಬಿಸಿದರೆ, ಒಬ್ಬ ಇಳಿದರೆ ಲೆಕ್ಕ ಕೆಡುತ್ತದೆ. ಇದರಿಂದ ಏನೂ ಸಾಬೀತಾಗಲಿಲ್ಲ. ಆದರೆ ನಾವು ತೂಗುತ್ತಿದ್ದೇವೆ ಅಂತ ಸುದ್ದಿ ಹಬ್ಬಿದ ಮೇಲೆ ವ್ಯತ್ಯಾಸವೇ ಕಾಣಲಿಲ್ಲ! ಬ್ರಿಕ್ಸ್, ಅಂದರೆ ರಸದ ಸಿಹಿ ಎಷ್ಟು ಅಂತ ನೋಡುವ ಕೈ ಮೀಟರನ್ನೂ ಕೊಂಡೆ. ನನ್ನ ಕೂಳೆ ಕಬ್ಬು ಚೆನ್ನಾಗಿಯೇ ಬಂತು. ಆದರೆ ದರ ಕಟ್ಟುವುದು ಇಡೀ ಕಾರ್ಖಾನೆಯ ರಿಕವರಿ ಮೇಲೆ, ಅದೂ ಹಿಂದಿನ ಹಂಗಾಮಿನದ್ದು. ಮೀಟರ್ ಈಗ ಮಕ್ಕಳ ಕೈಯಲ್ಲಿದೆ, ಕಲ್ಲಂಗಡಿ ನೋಡುತ್ತಾರೆ.

ಮೂರನೆಯ ಪ್ರಯೋಗ ಇನ್ನೂ ನಡೆಯುತ್ತಿದೆ. ಬಿ-ಹೆವಿ ಮೊಲಾಸಸ್, ಅಂದರೆ ಸಕ್ಕರೆಯನ್ನು ಪೂರ್ತಿ ತೆಗೆಯದ ಕಾಕಂಬಿ, ಎಥೆನಾಲ್‌ಗೆ ಹೋದರೆ ಸಕ್ಕರೆ ಕಡಿಮೆ ಇಳಿಯುತ್ತದೆ, ರಿಕವರಿ ತಗ್ಗಿ ಕಾಣುತ್ತದೆ. ಆ ಸಕ್ಕರೆಯನ್ನು ವಾಪಸ್ ಸೇರಿಸಿಯೇ ದರ ಕಟ್ಟಬೇಕು. ಸೇರಿಸಿದ್ದಾರಾ ಅಂತ ನೋಡಲು ಕಾರ್ಖಾನೆಯ ಆರ್‌ಟಿ-8ಸಿ, ಅಂದರೆ ಹಂಗಾಮಿನ ಕೊನೆಯ ಉತ್ಪಾದನಾ ವರದಿ ಬೇಕು. ಅದನ್ನು ಓದುವುದಕ್ಕೆ ನಿವೃತ್ತ ಕೆಮಿಸ್ಟ್ ಒಬ್ಬರು ಸಿಕ್ಕಿದ್ದಾರೆ. ಫಲ ಬಂದಮೇಲೆ ಹೇಳುತ್ತೇನೆ.

ಕಾರ್ಖಾನೆಯವರ ಮಾತೆಲ್ಲ ಸುಳ್ಳು ಅಂತ ನಾನು ಹೇಳುವುದಿಲ್ಲ. ಸಕ್ಕರೆಯ ಕನಿಷ್ಠ ಮಾರಾಟ ದರ 2019ರ ಫೆಬ್ರವರಿಯಲ್ಲಿ ಕೆಜಿಗೆ 31 ಆಯಿತು. ಎಫ್‌ಆರ್‌ಪಿ 275 ಇದ್ದದ್ದು 355ಕ್ಕೆ ಬಂದು 2025-26ರ ಹಂಗಾಮು ಶುರುವಾದಾಗಲೂ ಅದು 31ರಲ್ಲೇ ಕೂತಿತ್ತು. ಅದನ್ನು ಏರಿಸಿ ಅಂತ ಅವರು ಕೇಳುವುದು ನ್ಯಾಯವೇ. ನಾನೂ ಎಫ್‌ಆರ್‌ಪಿ ಶಿಫಾರಸು ಮಾಡುವ ಕೇಂದ್ರದ ಆಯೋಗ ಸಿಎಸಿಪಿಗೆ ಕಳಿಸಿದ ಹಾಳೆಯಲ್ಲಿ ಅದನ್ನು ಬರೆದೆ. ಕೆಳಗೆ ಮೂಲ ರಿಕವರಿಯ ಆರೂವರೆ ರೂಪಾಯಿ ಲೆಕ್ಕವನ್ನೂ ಹಾಕಿದೆ. ಉತ್ತರ ಬಂದಿಲ್ಲ. ಪರವಾಗಿಲ್ಲ, ಪ್ರತಿ ವರ್ಷ ಕಳಿಸುತ್ತೇವೆ. ಕಂತಿನ ವಿಷಯದಲ್ಲೂ ಗಾಳಿ ನಮ್ಮ ಕಡೆ ಇದೆ. ಎಫ್‌ಆರ್‌ಪಿಯನ್ನು ಎರಡು ಕಂತಿನಲ್ಲಿ ಕೊಡಬಹುದು ಅಂತ ಮಹಾರಾಷ್ಟ್ರ ಸರ್ಕಾರ 2022ರಲ್ಲಿ ಹೊರಡಿಸಿದ್ದ ಆದೇಶವನ್ನು 2025ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟ್ ರದ್ದು ಮಾಡಿತು. ಆ ತೀರ್ಪಿನ ಪ್ರತಿ ನಮ್ಮ ಫೈಲ್‌ನಲ್ಲಿ ಮೇಲೆಯೇ ಇದೆ.

ಬಡ್ಡಿ ಬಂದ ಮೇಲೆ ಕಾರ್ಖಾನೆಯವರು ಸುಮ್ನೆ ಕೂರಲಿಲ್ಲ. ಹೊಸ ಫಾರ್ಮ್‌ನಲ್ಲಿ ಆ ಸಾಲು ದಪ್ಪ ಅಕ್ಷರಕ್ಕೆ ಬಂದಿದೆ. ಎಷ್ಟು ಕಂತು, ಯಾವ ತಿಂಗಳು, ಎಲ್ಲ ಬರೆದಿದ್ದಾರೆ. ನಾವು ಆ ಸಾಲಿಗೆ ಗೀಟು ಹೊಡೆದು, ಪಕ್ಕದಲ್ಲಿ ಸಹಿ ಹಾಕಿ, ಫೋಟೋ ತೆಗೆದುಕೊಂಡು ಫಾರ್ಮ್ ಕೊಟ್ಟೆವು. ಫೀಲ್ಡ್‌ಮನ್ ಮುಖ ಗಂಟು ಹಾಕಿಕೊಂಡ. ಕಟಾವಿನ ಗ್ಯಾಂಗ್ ನಮ್ಮ ಹೊಲಕ್ಕೆ ಸ್ವಲ್ಪ ತಡವಾಗಿ ಬಂತು, ಆದರೆ ಬಂತು. ಚೀಟಿಗಳ ಫೋಟೋ ಎಲ್ಲ ಒಂದು ಫೋಲ್ಡರ್‌ಗೆ ಬೀಳುತ್ತಿವೆ. ಗುಂಪು ಈಗ ನೂರರ ಹತ್ತಿರ ಇದೆ.