ರೈಡ್ ಲೋನ್‌ಸಮ್ ಅನ್ನೋ ಚಿಕ್ಕ ವೆಸ್ಟರ್ನ್ ನೋಡೋದು ಹೇಗೆ

ಜುಲೈ ಮಳೇಲಿ ಮಡಿಕೇರಿ ಕಡೆ ಕರೆಂಟು ಯಾವಾಗ ಹೋಗತ್ತೋ ಹೇಳಕ್ಕಾಗಲ್ಲ, ಹಾಗಾಗಿ ಮೊದ್ಲು ಲ್ಯಾಪ್‌ಟಾಪ್ ಫುಲ್ ಚಾರ್ಜ್ ಮಾಡಿಟ್ಕೊಳ್ಳಿ. 1959ರ ಈ ಹಾಲಿವುಡ್ ವೆಸ್ಟರ್ನ್, ಅಂದ್ರೆ ಕುದುರೆ-ಕೋವಿಯ ಕೌಬಾಯ್ ಸಿನಿಮಾ, ಇರೋದೇ 73 ನಿಮಿಷ, ಬ್ಯಾಟರೀಲೇ ಆರಾಮಾಗಿ ಮುಗಿಯತ್ತೆ. ಮೊಬೈಲಲ್ಲಿ ಮಾತ್ರ ನೋಡ್ಬೇಡಿ, ಯಾಕಂದ್ರೆ ಇದು ಸಿನಿಮಾಸ್ಕೋಪ್, ಅಗಲದ ಚಿತ್ರ, ಅರ್ಧ ಕಥೆ ಆ ಅಗಲದಲ್ಲೇ ಇದೆ. ಸ್ಕ್ರೀನ್ ತುಂಬಿಸಕ್ಕೆ ಝೂಮ್ ಮಾಡಿದ್ರೆ ಅಂಚಲ್ಲಿರೋ ಮನುಷ್ಯ ಕಟ್ ಆಗಿ ಹೋಗ್ತಾನೆ.

ಕಥೆ ಚಿಕ್ಕದು. ಬೆನ್ ಬ್ರಿಗೇಡ್ ಅನ್ನೋ ಬೌಂಟಿ ಹಂಟರ್ (ಬಹುಮಾನದ ದುಡ್ಡಿಗೆ ಅಪರಾಧಿಗಳನ್ನ ಹಿಡಿಯೋವ್ನು) ಬಿಲ್ಲಿ ಜಾನ್ ಅನ್ನೋ ಕೊಲೆಗಾರನ್ನ ಹಿಡ್ದು ಸಾಂಟಾ ಕ್ರೂಜ್ ಅನ್ನೋ ಊರಿಗೆ ಕರ್ಕೊಂಡು ಹೋಗ್ತಿರ್ತಾನೆ, ಬಿಲ್ಲಿಯ ಅಣ್ಣ ಹಿಂದೆ ಬರ್ತಿರ್ತಾನೆ, ದಾರೀಲಿ ಬೂನ್ ಮತ್ತೆ ವಿಟ್ ಅಂತ ಇಬ್ರು ಸೇರ್ಕೊಳ್ತಾರೆ, ಬಿಲ್ಲಿಯನ್ನ ತಾವೇ ಒಪ್ಪಿಸಿದ್ರೆ ಅವ್ರ ಹಳೇ ಕೇಸೆಲ್ಲ ಮಾಫಿ. ಜೊತೇಲಿ ಮಿಸೆಸ್ ಲೇನ್ ಅನ್ನೋ ಹೆಂಗಸು. ಅಷ್ಟೇ.

ಈಗ ಒಂದೇ ಒಂದು ಪ್ರಶ್ನೆ ತಲೇಲಿಟ್ಕೊಂಡು ನೋಡಿ: ಹಿಂದೆ ಶತ್ರು ಬರ್ತಿರೋವಾಗ ಬ್ರಿಗೇಡ್ ಯಾಕಿಷ್ಟು ನಿಧಾನ ಹೋಗ್ತಾನೆ? ಬಯಲಲ್ಲೇ ಹೋಗ್ತಾನೆ, ಅವಸರಾನೇ ಇಲ್ಲ. ತುಂಬ ಜನ ಸಿನಿಮಾ ಸ್ಲೋ ಅಂತ ಇಲ್ಲೇ ಬಿಟ್ಬಿಡ್ತಾರೆ, ಆದ್ರೆ ಆ ನಿಧಾನವೇ ಕಥೆ, ಉತ್ತರ ಕೊನೇಲಿ ಸಿಗತ್ತೆ, ನಾನು ಹೇಳಲ್ಲ.

ಗುಂಡಿನ ಸದ್ದಿಗೆ ಕಾಯ್ಬೇಡಿ. ಕೈಲ್‌ಪೊಳ್ದ್, ಅಂದ್ರೆ ಕೊಡಗಿನ ಆಯುಧ ಪೂಜೆ ಹಬ್ಬದ ದಿನ, ತೋಕ್ ಪೂ ಅನ್ನೋ ಹೂ ಸಿಗಿಸಿ ಕೋವಿಗೆ ಪೂಜೆ ಮಾಡೋ ಊರಿನವ್ರು ನಾವು, ಕೋವಿ ಕೈಲಿರೋದಕ್ಕೂ ಹಾರಿಸೋದಕ್ಕೂ ಎಷ್ಟು ದೂರ ಅಂತ ನಮಗೆ ಚೆನ್ನಾಗಿ ಗೊತ್ತು. ಇಲ್ಲಿ ಆ ದೂರಾನೇ ನೋಡ್ಬೇಕು. ಬ್ರಿಗೇಡ್ ಪಾತ್ರ ಮಾಡಿರೋ ರ್‍ಯಾಂಡಾಲ್ಫ್ ಸ್ಕಾಟ್‌ಗೆ ಆಗ ಹತ್ತತ್ರ 60, ತುಟಿ ಪಿಟಕ್ ಅನ್ನಲ್ಲ, ಮುಖ ಕಲ್ಲು, ಆದ್ರೆ ಬ್ರಿಗೇಡ್‌ನ ಹೆಂಡತಿ ವಿಷಯ ಬಂದಾಗ ಆ ಕಲ್ಲಿನ ಮುಖದಲ್ಲಿ ಏನಾಗತ್ತೆ ಅಂತ ಗಮನಿಸಿ.

ನಂಗೆ ತುಂಬ ಇಷ್ಟದ ಸೀನ್ ಹೇಳ್ತೀನಿ. ಮೆಸ್ಕಲೆರೊ ಅನ್ನೋ ಅಮೆರಿಕದ ಮೂಲನಿವಾಸಿ ಜನ ಬಂದು ಮಿಸೆಸ್ ಲೇನ್‌ಗೆ ಬದಲಾಗಿ ಒಂದು ಕುದುರೆ ಕೊಡ್ತೀವಿ ಅಂತಾರೆ. ಅವಳು ಕುದುರೆ ನೋಡ್ತಾಳೆ, ಅದು ಅವಳ ಗಂಡನ ಕುದುರೆ. ಗಂಡನ ಸಾವು ಪರದೆ ಮೇಲೆ ಎಲ್ಲೂ ಬರಲ್ಲ, ಒಂದು ಕುದುರೆಯಿಂದ್ಲೇ ಎಲ್ಲಾ ತಿಳಿಸ್ತಾರೆ ನಿರ್ದೇಶಕ ಬಡ್ ಬೆಟಿಕರ್, ಇದಕ್ಕಿಂತ ಕಡಿಮೇಲಿ ಹೇಳಕ್ಕೆ ಸಾಧ್ಯಾನೇ ಇಲ್ಲ ಅನ್ಸತ್ತೆ. ಮೂಲನಿವಾಸಿಗಳನ್ನ ಬರೀ ಅಪಾಯ ಅಂತಷ್ಟೇ ತೋರಿಸೋದು ಆ ಕಾಲದ ಹಾಲಿವುಡ್‌ನ ದೊಡ್ಡ ಕೊರತೆ, ಇಲ್ಲೂ ಇದೆ, ಅದನ್ನ ನೋಡೀನೂ ನೋಡ್ದಂಗೆ ಇರ್ಬೇಡಿ.

ಇನ್ನೊಂದು, ಬೂನ್ ವಿಟ್‌ಗೆ ನೀನು ನನ್ ಪಾರ್ಟ್‌ನರ್ ಆಗು ಅನ್ನೋ ಮಾತು. ವಿಟ್ ಪಾತ್ರದಲ್ಲಿ ಜೇಮ್ಸ್ ಕೋಬರ್ನ್, ಅವರ ಮೊದಲನೇ ಸಿನಿಮಾ ಇದು. ವರ್ಷಗಟ್ಲೆ ಜೊತೇಲಿದ್ರೂ ಬೂನ್‌ಗೆ ತಾನು ಇಷ್ಟ ಅಂತ ವಿಟ್‌ಗೆ ಗೊತ್ತೇ ಇರಲ್ಲ ಪಾಪ, ಆ ಆಶ್ಚರ್ಯ ಮುಖದಲ್ಲಿ ನೋಡಿ. ಬರೆದವ್ರು ಬರ್ಟ್ ಕೆನಡಿ, ವಿಲನ್ ಅನ್ನಿಸ್ಬೇಕಾದವ್ರನ್ನೇ ನಾವು ಪ್ರೀತಿಸೋ ಹಾಗೆ ಬರೀತಾರೆ.

ಜಾಗಾನೂ ನೋಡಿ. ಕ್ಯಾಲಿಫೋರ್ನಿಯಾದ ಲೋನ್ ಪೈನ್ ಹತ್ರ ಅಲಬಾಮಾ ಹಿಲ್ಸ್, ಗುಂಡು ಬಂಡೆಗಳು, ಹಿಂದೆ ಸಿಯೆರಾ ನೆವಾಡಾ ಬೆಟ್ಟ. ಹಸಿರಲ್ಲೇ ಮುಳುಗಿರೋ ನಮ್ ಕಣ್ಣಿಗೆ ಆ ಒಣ ನೆಲ ಬೇಗ ಹಿಡಿಸಲ್ಲ, ಸ್ವಲ್ಪ ಟೈಮ್ ಕೊಡಿ. ಕುದುರೆ ಮೇಲೆ ಯಾರು ಮುಂದೆ, ಯಾರು ಯಾರ ಬೆನ್ನ ಹಿಂದೆ ಅಂತ ಪ್ರತೀ ಸಲ ನೋಡ್ಕೊಳ್ಳಿ, ಯಾರು ಯಾರನ್ನ ನಂಬ್ತಾರೆ ಅನ್ನೋದು ಅಲ್ಲೇ ತಿಳಿಯತ್ತೆ.

ಮುಗಿದ್ಮೇಲೆ ಮೊದಲ ಹತ್ತು ನಿಮಿಷ ಮತ್ತೆ ಹಾಕಿ, ಬ್ರಿಗೇಡ್ ಮಾತೆಲ್ಲ ಬೇರೆ ಥರ ಕೇಳ್ಸತ್ತೆ. ಹಿಡಿಸಿದ್ರೆ ಇದೇ ಬೆಟಿಕರ್-ಸ್ಕಾಟ್ ಜೋಡಿದು 1956ರಿಂದ 1960ರೊಳಗೆ ಒಟ್ಟು 7 ಸಿನಿಮಾ ಇದೆ, ಮೊದಲು ಸೆವೆನ್ ಮೆನ್ ಫ್ರಮ್ ನೌ ಹಾಕ್ಕೊಳ್ಳಿ, ಆಮೇಲೆ ದಿ ಟಾಲ್ ಟಿ, ವೆಸ್ಟ್‌ಬೌಂಡ್ ಕೊನೆಗಿಟ್ಟರೂ ನಡಿಯತ್ತೆ.