ಡೀಸೆಲ್ ಪಿಕಪ್‌ಗೆ ಕಾಯುತ್ತಿದ್ದೀರಾ? ಮೊದಲು ಒಂದು ನೋಟ್‌ಬುಕ್ ತೆಗೆಯಿರಿ

ದಾವಣಗೆರೆ ಎಪಿಎಂಸಿ ಯಾರ್ಡಿನ ಹತ್ತಿರ ಚಹಾ ಕುಡಿಯುತ್ತಾ ನಿಂತರೆ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. 'ಗಾಡಿ ಚೆನ್ನಾಗೈತಣ್ಣ, ಆದ್ರೆ ಪೆಟ್ರೋಲು. ಡೀಸೆಲ್ ಬರ್ತದಂತೆ, ಅದಕ್ಕೇ ಕಾಯ್ತಿದೀನಿ.' ಯಾವಾಗ ಬರುತ್ತದೆ ಅಂದರೆ ಉತ್ತರವಿಲ್ಲ. ಯಾರು ಹೇಳಿದರು ಅಂದರೆ, ಯಾರೋ.

ಚನ್ನಗಿರಿ ಕಡೆ ಅಡಿಕೆ ತೋಟ ಇರುವ ನಮ್ಮ ಚಿಕ್ಕಪ್ಪನೂ ಹೀಗೇ ಕಾದರು. ಅವರು ಮೆಚ್ಚಿದ ಗಾಡಿ ಪೆಟ್ರೋಲಿನಲ್ಲಿ ಮಾತ್ರ ಇತ್ತು. ಷೋರೂಮಿನವರು 'ಮುಂದಿನ ತಿಂಗಳು ಡೀಸೆಲ್ ಬರ್ತದೆ ಸಾರ್' ಅಂದರು. ಆ ಮುಂದಿನ ತಿಂಗಳು ಎರಡು ಅಡಿಕೆ ಸೀಸನ್ ದಾಟಿತು. ಆಮೇಲೆ ಅವರ ಜೊತೆ ಕೂತು ನಾನು ಹಾಕಿದ ಲೆಕ್ಕವೇ ಈ ಲೇಖನಕ್ಕೆ ಮೂಲ. ಅದನ್ನೇ ಹಂತ ಹಂತವಾಗಿ ಇಲ್ಲಿ ಹೇಳುತ್ತೇನೆ.

ಹಂತ 1: ಯಾವ ಗಾಡಿಗೆ ಕಾಯುತ್ತಿದ್ದೀರಿ, ಹೆಸರು ಬರೆಯಿರಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಗಾಡಿಯ ಹೆಸರು ಬರೆಯಿರಿ. ಅದರ ಪಕ್ಕದಲ್ಲಿ ಈ ಮೂರರಲ್ಲಿ ಒಂದನ್ನು ಬರೆಯಿರಿ: 'ಬುಕಿಂಗ್ ಶುರುವಾಗಿದೆ', 'ಕಂಪನಿ ತೋರಿಸಿದೆ, ದಿನಾಂಕ ಹೇಳಿಲ್ಲ', 'ಸುಮ್ನೆ ಸುದ್ದಿ'. ಮೊದಲನೆಯದಾದರೆ ಕಾಯಬಹುದು. ಮೂರನೆಯದಾದರೆ ಪುಟ ಹರಿದು ಹಾಕಿ. ಎರಡನೆಯದೇ ತಲೆನೋವು.

ಒಂದು ಉದಾಹರಣೆ ಕೊಡುತ್ತೇನೆ. 2023ರ ಆಗಸ್ಟ್ 15ರಂದು ಮಹೀಂದ್ರ ಕಂಪನಿ ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ ಸ್ಕಾರ್ಪಿಯೊ-ಎನ್ ಆಧಾರದ ಪಿಕಪ್ಪಿನ ಮಾದರಿ ತೋರಿಸಿತು. ಡೀಸೆಲ್ ಎಂಜಿನ್ ಎಂದೂ ಹೇಳಿತು. ನೋಡಿದವರೆಲ್ಲ ಬಾಯಿ ಬಿಟ್ಟರು. ಎರಡು ವರ್ಷ ಕಳೆದರೂ ಅದು ನಮ್ಮ ಷೋರೂಮಿಗೆ ಬಂದಿರಲಿಲ್ಲ. ತೋರಿಸುವುದೇ ಬೇರೆ, ಮಾರುವುದೇ ಬೇರೆ.

ಅಮೆರಿಕದವರ ಪಾಡು ಇದಕ್ಕಿಂತ ಜಾಸ್ತಿ. ಅಲ್ಲಿ ನಿಸಾನ್ ಕಂಪನಿ 2014ರ ಷಿಕಾಗೊ ಪ್ರದರ್ಶನದಲ್ಲಿ ಫ್ರಂಟಿಯರ್ ಪಿಕಪ್ಪಿಗೆ 2.8 ಲೀಟರಿನ ಕಮಿನ್ಸ್ ಡೀಸೆಲ್ ಎಂಜಿನ್ ಕೂರಿಸಿ ತೋರಿಸಿತು. ಅದು ಮಾರಾಟಕ್ಕೆ ಬರಲೇ ಇಲ್ಲ. ಷೆವರ್ಲೆ ಕೊಲೊರಾಡೊಗೆ 2016ರ ಮಾದರಿಯಿಂದ ಡೀಸೆಲ್ ಸಿಕ್ಕಿತು. 2023ರಲ್ಲಿ ಹೊಸ ಮಾದರಿ ಬಂದಾಗ ಅದನ್ನೂ ಕಿತ್ತು ಪೆಟ್ರೋಲ್ ಟರ್ಬೊ ಮಾತ್ರ ಉಳಿಸಿದರು. ಜೀಪ್ ಗ್ಲಾಡಿಯೇಟರ್ ಡೀಸೆಲ್ 2021ರಲ್ಲಿ ಬಂದು 2023ಕ್ಕೇ ಮುಗಿಯಿತು. ಕಾರಣ ಸರಳ. ಹೊಗೆಯ ನಿಯಮ ಬಿಗಿಯಾದಂತೆ ಡೀಸೆಲ್ ಎಂಜಿನ್ನಿನ ಹಿಂದೆ ಜೋಡಿಸುವ ಸಾಮಾನು ಹೆಚ್ಚಾಗುತ್ತದೆ, ಖರ್ಚೂ ಏರುತ್ತದೆ. ಕೊಳ್ಳುವವರು ಕಡಿಮೆ ಇದ್ದರೆ ಕಂಪನಿಗೆ ಅದು ಗಿಟ್ಟುವುದಿಲ್ಲ.

ನಮ್ಮಲ್ಲೂ ಇದು ಆಗಿದೆ. ಮಾರುತಿಯ ಸೂಪರ್ ಕ್ಯಾರಿ 2016ರಲ್ಲಿ ಬಂದಾಗ 793 ಸಿಸಿಯ ಡೀಸೆಲ್ ಎಂಜಿನ್ ಇತ್ತು. 2020ರ ಏಪ್ರಿಲ್ 1ರಿಂದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾದಾಗ ಡೀಸೆಲ್ ನಿಂತಿತು, ಪೆಟ್ರೋಲು ಮತ್ತು ಸಿಎನ್‌ಜಿ ಉಳಿದವು. ಮತ್ತೆ ಡೀಸೆಲ್ ಬರುತ್ತದೆ ಎಂದು ಕಾದವರು ಕಾದೇ ಇದ್ದರು.

ಹಾಗಂತ ಡೀಸೆಲ್ ಪಿಕಪ್ಪೇ ಇಲ್ಲ ಅಂತಲ್ಲ. ದುಡಿಯುವ ಗಾಡಿಗಳಲ್ಲಿ ಬೊಲೆರೊ ಪಿಕಪ್ ಮತ್ತು ಟಾಟಾ ಯೋಧ ಡೀಸೆಲ್ಲಿನಲ್ಲೇ ಹೆಸರು ಮಾಡಿದವು. ಡಬಲ್ ಕ್ಯಾಬಿನ್ ಬೇಕು, ಮನೆಯವರೂ ಕೂರಬೇಕು ಅನ್ನುವವರಿಗೆ ಇಸುಜು ವಿ-ಕ್ರಾಸ್ ಇದೆ. 2022ರಲ್ಲಿ ಬಂದ ಟೊಯೊಟ ಹೈಲಕ್ಸ್ ಇದೆ, ಅದು ನಮ್ಮ ಬಿಡದಿಯಲ್ಲೇ ತಯಾರಾಗುತ್ತದೆ. ಎರಡೂ ಡೀಸೆಲ್. ಎರಡೂ 20 ಲಕ್ಷ ದಾಟುತ್ತವೆ. ಆ ದುಡಿಯುವ ಗಾಡಿಗಳಿಗೂ ಈ ಎರಡಕ್ಕೂ ನಡುವೆ ದೊಡ್ಡ ಕಂದಕ ಇದೆ. ಬಹಳಷ್ಟು ಜನ ಕಾಯುತ್ತಿರುವುದು ಆ ಕಂದಕದಲ್ಲಿ ಕೂತು.

ಹಂತ 2: ಒಂದು ತಿಂಗಳ ಓಡಾಟ ಬರೆಯಿರಿ

ಇದೇ ಮುಖ್ಯ. ದಿನಾ ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್, ಎಷ್ಟು ಕ್ವಿಂಟಲ್, ಖಾಲಿ ಬಂದದ್ದು ಎಷ್ಟು ಸಲ. ಬಾಡಿಗೆ ಗಾಡಿಯಲ್ಲಿ ಸಾಗಿಸಿದ್ದನ್ನೂ ಸೇರಿಸಿ.

ಯಾಕೆ ಅಂದರೆ ನಮ್ಮ ಜಿಲ್ಲೆಗಳಲ್ಲಿ ಓಡಾಟ ಒಂದೇ ತರ ಇಲ್ಲ. ಚಳ್ಳಕೆರೆಯಿಂದ ಶೇಂಗಾ ಎಣ್ಣೆ ತುಂಬಿಕೊಂಡು ಹೆದ್ದಾರಿ ಹಿಡಿಯುವವರು ಬೇರೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯಿಂದ ಊರೊಳಗಿನ ಅಂಗಡಿಗಳಿಗೆ ಮೂಟೆ ಹಾಕುವವರು ಬೇರೆ. ಮಂಡಕ್ಕಿ ಗಾಡಿ ತುಂಬ ಕಾಣುತ್ತದೆ, ತೂಕ ಮಾತ್ರ ಇರುವುದಿಲ್ಲ, ಅಲ್ವಾ? ಅವರಿಗೆ ಡೀಸೆಲ್ಲಿನ ಎಳೆತವೇ ಬೇಡ. ಜಗಳೂರು ಕಡೆ ಎರೆ ಹೊಲದಲ್ಲಿ ಮಳೆ ಬಿದ್ದ ಮಾರನೇ ದಿನ 15 ಕ್ವಿಂಟಲ್ ಮೆಕ್ಕೆಜೋಳ ಹೊತ್ತು ರಸ್ತೆಗೆ ಏರಬೇಕಾದವರಿಗೆ ಬೇಕೇ ಬೇಕು.

ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಗಟ್ಟಿಯಾಗಿ ಒತ್ತಿದಾಗ ಅದು ಕಾದು, ಆ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಹೊಲದ ಬಾವಿಯ ಮೇಲೆ ಟುಕುಟುಕು ಅನ್ನುತ್ತಿದ್ದ ಹಳೇ ಪಂಪ್‌ಸೆಟ್ ಎಂಜಿನ್ ನಡೆಯುತ್ತಿದ್ದುದೂ ಹೀಗೇ. ಈಗಿನ ಟರ್ಬೊ ಡೀಸೆಲ್‌ನಲ್ಲಿ ಎಂಜಿನ್ ನಿಧಾನಕ್ಕೆ ತಿರುಗುವಾಗಲೇ ಪೂರ್ತಿ ಎಳೆತ ಸಿಗುತ್ತದೆ. ಹೈಲಕ್ಸಿನ ಮ್ಯಾನುಯಲ್ ಗಾಡಿಗೆ 420 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ, ಅಂದರೆ ಈ ಎಳೆತ), ವಿ-ಕ್ರಾಸ್‌ನ 1.9 ಲೀಟರ್ ಎಂಜಿನ್‌ಗೆ 360. ಷೋರೂಮಿನಲ್ಲಿ ಹಾರ್ಸ್‌ಪವರ್ ಕೇಳಬೇಡಿ, ಟಾರ್ಕ್ ಎಷ್ಟು, ಎಷ್ಟು ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿದಾಗ) ಎಂದು ಕೇಳಿ.

ಹಂತ 3: ಎಣ್ಣೆ ಲೆಕ್ಕ

ಇಲ್ಲಿನ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಬಂಕಿನ ಇವತ್ತಿನ ದರ, ನಿಮ್ಮ ಗಾಡಿಯ ಮೈಲೇಜು ಹಾಕಿಕೊಳ್ಳಿ.

ಡೀಸೆಲ್ ಲೀಟರಿಗೆ 91, ಪೆಟ್ರೋಲ್ 103 ರೂಪಾಯಿ ಅಂದುಕೊಳ್ಳೋಣ. ಲೋಡು ಹೊತ್ತಾಗ ಡೀಸೆಲ್ ಗಾಡಿ ಲೀಟರಿಗೆ 13 ಕಿ.ಮೀ., ಪೆಟ್ರೋಲ್ ಗಾಡಿ 10 ಕಿ.ಮೀ. ಕೊಡುತ್ತದೆ ಅಂದುಕೊಳ್ಳೋಣ. ದಿನಕ್ಕೆ 100 ಕಿ.ಮೀ.ನಂತೆ ತಿಂಗಳಿಗೆ 25 ದಿನ ಓಡಿಸಿದರೆ 2,500 ಕಿ.ಮೀ. ಡೀಸೆಲ್ಲಿಗೆ 17,500 ರೂಪಾಯಿ, ಪೆಟ್ರೋಲಿಗೆ 25,750. ತಿಂಗಳಿಗೆ 8,250 ಉಳಿತಾಯ. ಡೀಸೆಲ್ ಗಾಡಿಯ ಬೆಲೆ 1 ಲಕ್ಷ ಜಾಸ್ತಿ ಇದ್ದರೂ ಒಂದು ವರ್ಷಕ್ಕೆ ಬಂದುಬಿಡುತ್ತದೆ.

ದಿನಕ್ಕೆ 30 ಕಿ.ಮೀ. ಮಾತ್ರ ಓಡಿಸಿದರೆ? ಉಳಿಯುವುದು ತಿಂಗಳಿಗೆ ಸುಮಾರು 2,475. ಅದೇ 1 ಲಕ್ಷ ಹುಟ್ಟಲು 40 ತಿಂಗಳು ಬೇಕು. ಮೂರು ವರ್ಷ ದಾಟಿತು!

ಡೀಸೆಲ್ ಮೊದಲಿನಷ್ಟು ಅಗ್ಗ ಅಲ್ಲ ಎಂಬುದನ್ನೂ ಮರೆಯಬೇಡಿ. ರಾಜ್ಯ ಸರ್ಕಾರ 2024ರ ಜೂನ್‌ನಲ್ಲಿ ಒಮ್ಮೆ, 2025ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿತು. ಸಿಎನ್‌ಜಿ ನೋಡುವುದಾದರೆ, ಬಂಕು ನಿಮ್ಮ ದಾರಿಯಲ್ಲೇ ಇದೆಯಾ, ಎಷ್ಟು ಹೊತ್ತು ಸಾಲಿನಲ್ಲಿ ನಿಲ್ಲಬೇಕು, ಎರಡನ್ನೂ ಬರೆದುಕೊಳ್ಳಿ.

ಹಂತ 4: ಕಾಯುವುದಕ್ಕೂ ದುಡ್ಡು ಹೋಗುತ್ತದೆ

ಚಿಕ್ಕಪ್ಪ ಸೀಸನ್ನಿನ ನಾಲ್ಕು ತಿಂಗಳು ವಾರಕ್ಕೆ ಎರಡು ಟ್ರಿಪ್ ಬಾಡಿಗೆ ಗಾಡಿ ಹಿಡಿದರು. ಎರಡು ಸೀಸನ್ನಿಗೆ 68 ಟ್ರಿಪ್. ಟ್ರಿಪ್ಪಿಗೆ 1,800 ರೂಪಾಯಿ. ಒಟ್ಟು 1,22,400. ಸ್ವಂತ ಗಾಡಿ ಇದ್ದಿದ್ದರೂ ಟ್ರಿಪ್ಪಿಗೆ 600 ರೂಪಾಯಿಯ ಎಣ್ಣೆ ಬೇಕಿತ್ತು, ಅದನ್ನು ಕಳೆದರೆ 81,600. 'ಕಂತು ಕಟ್ಟಲಿಲ್ವಲ್ಲೋ ಮತ್ತೆ' ಅಂದರು. ಅದೂ ಸರಿಯೇ. ಅದಕ್ಕೇ ಇನ್ನೊಂದು ಪುಟದಲ್ಲಿ ಅದನ್ನೂ ಬರೆಯಬೇಕು: ಕಾದದ್ದರಿಂದ ಉಳಿದ ಬಡ್ಡಿ ಎಷ್ಟು, ಬೆಲೆ ಇಳಿದಿದ್ದರೆ ಎಷ್ಟು.

ಬೆಲೆ ಇಳಿಯುವುದೂ ಉಂಟು. 2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಿಸುವ ಗಾಡಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ತೆರಿಗೆ ಸೇರುವ ಮುಂಚೆ 8 ಲಕ್ಷ ಇದ್ದ ಗಾಡಿಗೆ ಅಲ್ಲೇ 80 ಸಾವಿರ ಉಳಿಯಿತು. ಅದಕ್ಕೂ ಹಿಂದಿನ ತಿಂಗಳು ಕೊಂಡವರು ಹೊಟ್ಟೆ ಉರಿದುಕೊಂಡರು. ಇಂಥದ್ದು ದಿನಾ ಆಗುವುದಿಲ್ಲ ಬಿಡಿ.

ನನ್ನ ಸಲಹೆ ಇಷ್ಟು. ಕಾಯುವುದಕ್ಕೆ ಒಂದು ಗಡುವು ಹಾಕಿ, ಅದನ್ನು ಬೆಳೆಯ ಲೆಕ್ಕದಲ್ಲಿ ಹಾಕಿ. 'ಮೆಕ್ಕೆಜೋಳದ ಕಟಾವು ಶುರುವಾಗುವ ತನಕ' ಎಂದು ಬರೆಯಿರಿ. ಆಯುಧ ಪೂಜೆಗೇ ಗಾಡಿ ಮನೆ ಮುಂದೆ ನಿಲ್ಲಬೇಕು ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಅವಸರದಲ್ಲಿ ಜನ ಬೇಡದ ಬಣ್ಣ, ಬೇಡದ ಎಂಜಿನ್ ಒಪ್ಪಿಕೊಳ್ಳುವುದೂ ಆಗಲೇ.

ನಡುವಿನ ದಾರಿಯೂ ಇದೆ, ಸೆಕೆಂಡ್ ಹ್ಯಾಂಡ್. ಕೊಳ್ಳುವ ಮುಂಚೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಎಲ್ಲಿಯವರೆಗೆ ಇದೆ, ವಿಮೆ ಇದೆಯಾ, ಸಾಲ ತೀರಿದೆಯಾ ನೋಡಿ. ಸಾಲ ತೀರಿದ್ದರೆ ಬ್ಯಾಂಕಿನಿಂದ ಫಾರಂ 35 ಬೇಕು, ಹೆಸರು ಬದಲಾಯಿಸಲು ಫಾರಂ 29 ಮತ್ತು 30. ದಾವಣಗೆರೆಯ ಕೆಎ-17 ಗಾಡಿಯೋ ಚಿತ್ರದುರ್ಗದ ಕೆಎ-16 ಗಾಡಿಯೋ ಆದರೆ ಹಳೇ ಓನರನ್ನು ಹುಡುಕುವುದು ಸುಲಭ. 'ಹತ್ತು ವರ್ಷದ ಡೀಸೆಲ್ ಗಾಡಿ ಬ್ಯಾನ್ ಅಂತೆ' ಎಂಬ ಭಯ ಇಲ್ಲೂ ಹಬ್ಬಿದೆ. ಆ ನಿರ್ಬಂಧ ದೆಹಲಿ ಮತ್ತು ಅದರ ಸುತ್ತಲಿನದು, ನಮ್ಮದಲ್ಲ.

ಹಂತ 5: ಹೊಸ ಡೀಸೆಲ್ ಸಾಕುವುದು ಗೊತ್ತಾ?

ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಹಳೇ ಡೀಸೆಲ್ ಗಾಡಿ ಓಡಿಸಿದವರು ಹೊಸದೂ ಹಾಗೇ ಅಂದುಕೊಳ್ಳುತ್ತಾರೆ. ಹಾಗಿಲ್ಲ.

ಬಿಎಸ್-6 ಡೀಸೆಲ್ ಗಾಡಿಯ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಜರಡಿ ಇರುತ್ತದೆ. ಹೊಗೆಯ ಮಸಿ ಅದರಲ್ಲಿ ಕೂರುತ್ತದೆ. ತುಂಬಿದಾಗ ಸುಮಾರು 600 ಡಿಗ್ರಿ ಕಾವಿನಲ್ಲಿ ಗಾಡಿ ತಾನೇ ಅದನ್ನು ಸುಡುತ್ತದೆ. ಆ ಕಾವು ಬರಬೇಕಾದರೆ ಗಾಡಿ ಒಂದೇ ಸಮ ಸ್ವಲ್ಪ ಹೊತ್ತು ಓಡಬೇಕು. ಬೆಳಿಗ್ಗೆಯಿಂದ ಸಂಜೆವರೆಗೆ ಎರಡೆರಡು ಕಿಲೋಮೀಟರ್ ಓಡಿ ನಿಲ್ಲಿಸುವ ಗಾಡಿಗೆ ಅದು ಬರುವುದೇ ಇಲ್ಲ. ಜರಡಿ ಕಟ್ಟುತ್ತದೆ, ಎಳೆತ ಹೋಗುತ್ತದೆ, ಬಿಲ್ಲು ಏರುತ್ತದೆ. ಸುಡುವ ಕೆಲಸ ಅರ್ಧಕ್ಕೇ ನಿಂತರೆ ಡೀಸೆಲ್ ಎಂಜಿನ್ ಆಯಿಲ್‌ಗೆ ಸೇರಿಕೊಳ್ಳುವುದೂ ಉಂಟು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದು ಕಂಡರೆ ಖುಷಿ ಪಡಬೇಡಿ, ಮೆಕ್ಯಾನಿಕ್ ಹತ್ತಿರ ಹೋಗಿ.

ಪರಿಹಾರ ಕಷ್ಟವಲ್ಲ. ಡಿಪಿಎಫ್ ದೀಪ ಹತ್ತಿದರೆ ಹೆದ್ದಾರಿಗೆ ಹೋಗಿ ಹರಿಹರದವರೆಗೆ ಒಂದೇ ವೇಗದಲ್ಲಿ ಹೋಗಿ ಬನ್ನಿ, ನಡುವೆ ಆಫ್ ಮಾಡಬೇಡಿ. ಆಯಿಲ್ ಮ್ಯಾನುಯಲ್‌ನಲ್ಲಿ ಹೇಳಿದ ದರ್ಜೆಯದೇ ಹಾಕಿ. ಟ್ರ್ಯಾಕ್ಟರ್‌ಗೆ ತಂದ ಡಬ್ಬಿಯಲ್ಲಿ ಉಳಿದಿದೆ ಅಂತ ಸುರಿಯಬೇಡಿ, ಅದರ ಬೂದಿ ಜರಡಿಯಲ್ಲಿ ಕೂತರೆ ಸುಟ್ಟು ಹೋಗುವುದಿಲ್ಲ. ಡಿಪಿಎಫ್ ಅನ್ನೇ ಕತ್ತರಿಸಿ ಪೈಪ್ ಹಾಕಿಕೊಡುತ್ತೇವೆ ಅನ್ನುವವರೂ ಇದ್ದಾರೆ. ಅದು ಕಾನೂನಿಗೆ ವಿರುದ್ಧ.

ಇನ್ನು ಡಿಇಎಫ್, ಹೊಗೆ ಶುದ್ಧ ಮಾಡಲು ಹಾಕುವ ದ್ರವ. ಡೀಸೆಲ್ ಮುಚ್ಚಳದ ಜೊತೆಗೆ ಇನ್ನೊಂದು ನೀಲಿ ಮುಚ್ಚಳ ಇದ್ದರೆ ಆ ಗಾಡಿಗೆ ಇದು ಬೇಕು. ಆಡ್‌ಬ್ಲೂ ಎಂದೂ ಕರೆಯುತ್ತಾರೆ. ಶುದ್ಧ ನೀರಿನಲ್ಲಿ ಶೇ 32.5ರಷ್ಟು ಯೂರಿಯಾ ಕರಗಿಸಿದ ದ್ರವ, ಅಷ್ಟೇ. ಇದನ್ನು ಕೇಳಿದ ಕೂಡಲೇ ರೈತರ ಮುಖ ಅರಳುತ್ತದೆ: 'ಯೂರಿಯಾ ತಾನೆ, ಮನೇಲೇ ಮೂಟೆ ಐತಲ್ಲ!' ದಯವಿಟ್ಟು ಬೇಡ. ಹೊಲದ ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪಿಸಿರುತ್ತಾರೆ. ನಮ್ಮ ಬೋರ್‌ವೆಲ್ ನೀರಿನ ಉಪ್ಪಂತೂ ಗೊತ್ತೇ ಇದೆ, ಹಂಡೆಯ ಒಳಗೆ ಬಿಳಿ ಪೊರೆ ಕಟ್ಟುವುದು ನೋಡಿಲ್ಲವೇ? ಇವೆರಡೂ ಸೇರಿ ಒಳಗಿನ ನಳಿಗೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್ ಹಾಳು ಮಾಡುತ್ತವೆ. ಸಬ್ಸಿಡಿ ಗೊಬ್ಬರವನ್ನು ಗಾಡಿಗೆ ಬಳಸುವುದು ತಪ್ಪೂ ಹೌದು. ಸೀಲ್ ಇರುವ ಕ್ಯಾನ್ ತನ್ನಿ, ಬಿಸಿಲಿಗೆ ಇಡಬೇಡಿ. ಡಿಇಎಫ್ ಪೂರ್ತಿ ಖಾಲಿಯಾದರೆ ಗಾಡಿ ಸ್ಟಾರ್ಟೇ ಆಗದಂತೆ ತಡೆ ಹಾಕಿರುತ್ತಾರೆ.

ಇದೆಲ್ಲ ಓದಿ ಬೇಸರ ಬಂತೇ? ಹಾಗಾದರೆ ನಿಮಗೆ ಪೆಟ್ರೋಲೇ ಸರಿ ಇರಬಹುದು.

ಹಂತ 6: ಕಾಗದ ಪತ್ರ

ಬಾಡಿಗೆಗೂ ಓಡಿಸುವುದಾದರೆ ಹಳದಿ ಬೋರ್ಡು. ಹೊಸ ಗಾಡಿಗೆ ಎಫ್‌ಸಿ ಎರಡು ವರ್ಷ ಇರುತ್ತದೆ. ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಗಾಡಿ ಮತ್ತು ಲೋಡು ಸೇರಿ ಒಟ್ಟು ತೂಕ 3,000 ಕೆ.ಜಿ. ಒಳಗಿದ್ದರೆ ಪರ್ಮಿಟ್ ಬೇಕಿಲ್ಲ. 2,990 ಕೆ.ಜಿ. ಎಂದು ನಮೂದಾದ ಗಾಡಿಗಳು ಕಾಣುವುದು ಇದಕ್ಕೇ. ಕಾರಿನ ಲೈಸೆನ್ಸ್ ಸಾಕಾ ಎಂಬ ಗೊಂದಲ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಬಗೆಹರಿಸಿತು. 7,500 ಕೆ.ಜಿ.ಗಿಂತ ಕಡಿಮೆ ಒಟ್ಟು ತೂಕದ ಸರಕು ಗಾಡಿಗೆ ಕಾರಿಗೆ ಕೊಡುವ ಎಲ್‌ಎಂವಿ (ಲಘು ವಾಹನ) ಲೈಸೆನ್ಸೇ ಸಾಕು.

ಹಂತ 7: ಬುಕಿಂಗ್ ಮತ್ತು ಡೆಲಿವರಿ

ಮುಂಗಡ ಕೊಟ್ಟರೆ ರಸೀದಿಯಲ್ಲಿ ಮೂರು ಮಾತು ಇರಲಿ: ಯಾವ ಎಂಜಿನ್, ಯಾವ ತಿಂಗಳು, ರದ್ದಾದರೆ ಎಷ್ಟು ವಾಪಸ್. ಬಾಯಿ ಮಾತಿನ 'ಮುಂದಿನ ತಿಂಗಳು' ರಸೀದಿಯಲ್ಲಿ ಬರೆಸಲು ಹೊರಟರೆ ಎದುರಿನವರ ದನಿ ಬದಲಾಗುವುದನ್ನು ಗಮನಿಸಿ. ಗಾಡಿ ಬರುವ ದಿನದ ಬೆಲೆಯೇ ಅನ್ವಯ ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ, ಓದಿ ಸಹಿ ಹಾಕಿ.

ಟೆಸ್ಟ್ ಡ್ರೈವ್ ಖಾಲಿ ಗಾಡಿಯಲ್ಲಿ ಮಾಡಬೇಡಿ. ನಿಮ್ಮದೇ ಹತ್ತು ಮೂಟೆ ಹಾಕಿ, ನಿಮ್ಮ ಊರಿನ ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿ. ಒಪ್ಪದ ಷೋರೂಂ ಆದರೆ ಅದೇ ಗಾಡಿ ಇಟ್ಟುಕೊಂಡ ಪರಿಚಯದವರನ್ನು ಕೇಳಿ, ಒಂದು ಟ್ರಿಪ್ ಪಕ್ಕದಲ್ಲಿ ಕೂತು ಬನ್ನಿ. ಡೆಲಿವರಿ ದಿನ ಹೂವಿನ ಹಾರ ಹಾಕುವ ಮುಂಚೆ ತಯಾರಾದ ತಿಂಗಳು ನೋಡಿ, ಚಾಸಿಸ್ ನಂಬರ್ ಬಿಲ್ಲಿನ ಜೊತೆ ತಾಳೆ ಹಾಕಿ. ಸ್ಟೆಪ್ನಿ, ಜಾಕ್ ಇದೆಯಾ ನೋಡಿ. ಡಿಇಎಫ್ ಟ್ಯಾಂಕ್ ತುಂಬಿಸಿಯೇ ಕೊಡಲು ಹೇಳಿ.